ಪಿಲ್ಲರಿಗೆ ಸುತ್ತುವ ಕಾರ್ಬನ್ ಬಟ್ಟೆ: ಕರಾವಳಿಯ ತುಕ್ಕಿಗೆ ಎಷ್ಟರ ಮಟ್ಟಿಗೆ ಆದೀತು?

ಮಂಗಳೂರು, ಉಡುಪಿ, ಕಾರವಾರದ ಕಡೆ ಇಪ್ಪತ್ತು ವರ್ಷ ದಾಟಿದ ಅಪಾರ್ಟ್‌ಮೆಂಟಿನ ಪಾರ್ಕಿಂಗಿಗೆ ಇಳಿದು ಪಿಲ್ಲರುಗಳ ಬುಡ ನೋಡಿ. ಮೂಲೆಯಲ್ಲಿ ಉದ್ದಕ್ಕೆ ಹೋದ ಸೀಳು, ಸೀಳಿನಿಂದ ಇಳಿದ ಕಂದು ಕಲೆ, ಉಬ್ಬಿ ನಿಂತ ಗಾರೆ. ಬೆರಳಿನಿಂದ ತಟ್ಟಿದರೆ ಪೊಳ್ಳು ಸದ್ದು. ಗಾರೆ ಎಬ್ಬಿಸಿದರೆ ಒಳಗೆ ಪದರ ಪದರವಾಗಿ ಕಳಚುವ ರಾಡು. ಇದರ ದುರಸ್ತಿಗೆ ಕೊಟೇಶನ್ ಕೇಳಿದ ಅಸೋಸಿಯೇಶನ್‌ಗಳ ಮುಂದೆ ಈಗ "ಕಾರ್ಬನ್ ಫೈಬರ್ ವ್ರ್ಯಾಪಿಂಗ್" ಎಂಬ ಸಾಲು ಬಂದು ಕೂರುತ್ತದೆ. ಒಟ್ಟು ಬಿಲ್ಲಿನಲ್ಲಿ ಕಣ್ಣಿಗೆ ಹೊಡೆಯುವ ಸಾಲೂ ಅದೇ. ಆ ಸಾಲಿಗೆ ದುಡ್ಡು ಕೊಡಬೇಕೋ ಬೇಡವೋ, ಕೊಟ್ಟರೆ ಏನು ಸಿಗುತ್ತದೆ ಎನ್ನುವುದೇ ಈ ವಿಮರ್ಶೆಯ ವಿಷಯ.

ಮೊದಲು ವಸ್ತು ಏನೆಂದು ನೋಡೋಣ. ಕೂದಲಿಗಿಂತ ತೆಳುವಾದ ಕಾರ್ಬನ್ ಎಳೆಗಳನ್ನು ಒಂದೇ ದಿಕ್ಕಿಗೆ ಜೋಡಿಸಿ ಹೊಲಿದ ಕಪ್ಪು ಬಟ್ಟೆ. ಅದನ್ನು ಎಪಾಕ್ಸಿಯಲ್ಲಿ (ಎರಡು ಭಾಗ ಬೆರೆಸಿದರೆ ಗಟ್ಟಿಯಾಗುವ ಅಂಟು) ತೋಯಿಸಿ ಪಿಲ್ಲರಿಗೆ ಅಡ್ಡಲಾಗಿ ಸುತ್ತುತ್ತಾರೆ. ಒಣಗಿದ ಮೇಲೆ ಅದು ಪೀಪಾಯಿಗೆ ಬಿಗಿದ ಪಟ್ಟಿಯ ಹಾಗೆ ನಿಲ್ಲುತ್ತದೆ. ನಮ್ಮಲ್ಲಿ ಹೆಚ್ಚಾಗಿ ಕೈಗೆ ಸಿಗುವುದು ಸಿಕಾ ಕಂಪನಿಯ ಸಿಕಾವ್ರ್ಯಾಪ್, ಫಾಸ್ರಾಕ್‌ನ ನೈಟೋವ್ರ್ಯಾಪ್, ಮಾಸ್ಟರ್ ಬಿಲ್ಡರ್ಸ್‌ನ ಮಾಸ್ಟರ್‌ಬ್ರೇಸ್. ಇದೇನು ನಿನ್ನೆ ಮೊನ್ನೆಯ ಪ್ರಯೋಗವಲ್ಲ. 1995ರ ಕೋಬೆ ಭೂಕಂಪದ ನಂತರ ಜಪಾನಿನಲ್ಲಿ ರಸ್ತೆ ಮತ್ತು ರೈಲು ಸೇತುವೆಗಳ ಕಂಬಗಳಿಗೆ ದೊಡ್ಡ ಪ್ರಮಾಣದಲ್ಲಿ ಸುತ್ತಿದ್ದಾರೆ. ಭೂಕಂಪಕ್ಕೆ ಸುತ್ತುವುದು ಬೇರೆ, ಉಪ್ಪು ತಿಂದ ಪಿಲ್ಲರಿಗೆ ಸುತ್ತುವುದು ಬೇರೆ. ಎರಡನ್ನೂ ಒಂದೇ ಬ್ರೋಷರಿನಲ್ಲಿ ತೋರಿಸಿ ಮಾರುವುದರಿಂದಲೇ ಗೊಂದಲ ಶುರುವಾಗುತ್ತದೆ.

ಬಟ್ಟೆಯ ಕೆಲಸ ಒಂದೇ. ಭಾರ ಹೆಚ್ಚಾದಾಗ ಕಾಂಕ್ರೀಟು ಹೊಟ್ಟೆ ಉಬ್ಬಿಸಿಕೊಂಡು ಹೊರಗೆ ತಳ್ಳುತ್ತದೆ. ಆ ಉಬ್ಬನ್ನು ತಡೆಯುವುದು. ತಡೆದರೆ ಒಳಗಿನ ಕಾಂಕ್ರೀಟು ಇನ್ನಷ್ಟು ಭಾರ ಹೊರುತ್ತದೆ, ಒಡೆಯುವ ಮುಂಚೆ ಇನ್ನಷ್ಟು ತಾಳಿಕೊಳ್ಳುತ್ತದೆ. ಉದ್ದದ ರಾಡುಗಳ ಸುತ್ತ ಕಟ್ಟಿದ, ತುಕ್ಕು ಹಿಡಿದು ತುಂಡಾದ 8 ಮಿ.ಮೀ. ರಿಂಗುಗಳ ಜಾಗದಲ್ಲಿ ಈ ಬಟ್ಟೆ ನಿಜಕ್ಕೂ ಚೆನ್ನಾಗಿ ನಿಲ್ಲುತ್ತದೆ. ತುಕ್ಕು ಮೊದಲು ತಿನ್ನುವುದು ಹೊರಗಡೆ ಇರುವ ರಿಂಗನ್ನೇ ಆದ್ದರಿಂದ ಇದು ಸಣ್ಣ ಉಪಕಾರವಲ್ಲ. ಆದರೆ ಉದ್ದದ ಮುಖ್ಯ ರಾಡು ತಿಂದುಹೋಗಿದ್ದರೆ ಅಡ್ಡ ಸುತ್ತಿದ ಬಟ್ಟೆ ಅದರ ಬದಲಿಗೆ ಬರುವುದಿಲ್ಲ. ಎಳೆಗಳ ಬಲವೆಲ್ಲ ಅಡ್ಡಕ್ಕೆ, ರಾಡಿನ ಕೆಲಸ ಉದ್ದಕ್ಕೆ. "ಎರಡು ಲೇಯರ್ ಸುತ್ತಿದರೆ ಹೊಸ ರಾಡು ಬೇಡ" ಎಂದು ಯಾರಾದರೂ ಹೇಳಿದರೆ ಆ ಕೊಟೇಶನನ್ನು ಅಲ್ಲೇ ಮಡಚಿಡಬಹುದು.

ಇನ್ನೊಂದು ಮಾತು. ಇದು ಕರೆದಾಗ ಮಾತ್ರ ಬರುವ ಆಳು. ಪಿಲ್ಲರು ಉಬ್ಬಲು ಶುರುಮಾಡುವ ತನಕ ಬಟ್ಟೆಯಲ್ಲಿ ಬಿಗಿತವೇ ಇರುವುದಿಲ್ಲ. ಮೇಲಿನ ನಾಲ್ಕು ಮಹಡಿಯ ಭಾರ ಸುತ್ತಿದ ಕ್ಷಣಕ್ಕೇನೂ ಬಟ್ಟೆಗೆ ಹೋಗುವುದಿಲ್ಲ.

ಈಗ ಆಕಾರದ ವಿಚಾರ. ಕೊಟೇಶನ್ ಬರೆಯುವವರು ಹೇಳದೇ ಬಿಡುವ, ಆದರೆ ಎಲ್ಲಕ್ಕಿಂತ ಮುಖ್ಯವಾದ ಸಂಗತಿ ಇದು. ದುಂಡು ಕಂಬಕ್ಕೆ ಬಟ್ಟೆ ಸುತ್ತಲೂ ಸಮನಾಗಿ ಅದುಮುತ್ತದೆ. ಚೌಕದಲ್ಲಿ ಮೂಲೆಗಳನ್ನು ಮಾತ್ರ ಅದುಮುತ್ತದೆ, ನಡುವಿನ ಚಪ್ಪಟೆ ಮುಖ ಸಡಿಲವಾಗಿಯೇ ಉಳಿಯುತ್ತದೆ. ಉದ್ದನೆಯ ಆಯತದಲ್ಲಿ ಹೆಚ್ಚುಕಡಿಮೆ ಏನೂ ಇಲ್ಲ. ಲೆಕ್ಕ ಹಾಕಿಯೇ ನೋಡಬಹುದು. ಅಮೆರಿಕದ ಕಾಂಕ್ರೀಟ್ ಸಂಸ್ಥೆ ಎಸಿಐಯ 440.2ಆರ್ ಮಾರ್ಗಸೂಚಿಯ ಸೂತ್ರವನ್ನೇ ತೆಗೆದುಕೊಳ್ಳಿ. ನಮ್ಮ ಡಿಸೈನರುಗಳಲ್ಲೂ ಅದನ್ನು ಬಳಸುವವರು ಬಹಳ. ಚದರ ಮೀಟರಿಗೆ 230 ಗ್ರಾಂ ತೂಗುವ ಕಾರ್ಬನ್ ಬಟ್ಟೆ, ಲೆಕ್ಕದ ದಪ್ಪ 0.129 ಮಿ.ಮೀ., ಎಳೆಯ ಸ್ಥಿತಿಸ್ಥಾಪಕ ಗುಣಾಂಕ (ಎಳೆದರೆ ಎಷ್ಟು ಬಿಗಿ ಎನ್ನುವ ಅಳತೆ) 230 ಗಿಗಾಪಾಸ್ಕಲ್, ತುಂಡಾಗುವ ಮುನ್ನ ಹಿಗ್ಗುವುದು ಶೇ. 1.7. ಹೊರಗಿನ ವಾತಾವರಣಕ್ಕೆಂದು 0.85ರಿಂದ ಗುಣಿಸಿ ಕಡಿತ. ಹಳೆಯ ಕಾಂಕ್ರೀಟಿನ ಬಲ 20 ಎಂಪಿಎ (ಮೆಗಾಪಾಸ್ಕಲ್) ಎಂದಿಟ್ಟುಕೊಳ್ಳಿ.

450 ಮಿ.ಮೀ. ವ್ಯಾಸದ ದುಂಡು ಕಂಬಕ್ಕೆ ಎರಡು ಪದರ ಸುತ್ತಿದರೆ ಅದುಮುವ ಒತ್ತಡ ಸುಮಾರು 2.1 ಎಂಪಿಎ, ಕಾಂಕ್ರೀಟಿನ ಬಲ 20ರಿಂದ 26.5ರ ಆಸುಪಾಸಿಗೆ ಏರುತ್ತದೆ. ಅದೇ ಎರಡು ಪದರವನ್ನು 450×450 ಚೌಕಕ್ಕೆ, ಮೂಲೆಯನ್ನು 25 ಮಿ.ಮೀ. ದುಂಡಗೆ ಮಾಡಿ ಸುತ್ತಿದರೆ ಏರಿಕೆ ಬರೀ 2 ಎಂಪಿಎ ಚಿಲ್ಲರೆ. ಮೂರರಲ್ಲಿ ಒಂದು ಪಾಲು. ಸಾಲದ್ದಕ್ಕೆ, ಅದುಮುವ ಒತ್ತಡ ಕಾಂಕ್ರೀಟಿನ ಬಲದ ಶೇ. 8ನ್ನಾದರೂ ಮುಟ್ಟಬೇಕೆಂದು ಆ ಮಾರ್ಗಸೂಚಿ ಹೇಳುತ್ತದೆ. ಚೌಕದಲ್ಲಿ ಎರಡು ಪದರಕ್ಕೆ ಅದು ಶೇ. 7.4ರಲ್ಲೇ ನಿಂತುಬಿಡುತ್ತದೆ. ಹಾಗಾಗಿ ಮೂರನೆಯ ಪದರ ಬೇಕೇ ಬೇಕು. 300×450ಕ್ಕೆ ಬಂದರೆ ಎರಡು ಪದರದ ಲಾಭ 1.2 ಎಂಪಿಎ. ಇನ್ನು ಉದ್ದ ಅಗಲದ ಎರಡು ಪಟ್ಟು ದಾಟಿದರೆ, ಅಥವಾ ಒಂದು ಬದಿ 900 ಮಿ.ಮೀ. ಮೀರಿದರೆ, ಭಾರ ಹೊರುವ ಲೆಕ್ಕದಲ್ಲಿ ಬಟ್ಟೆಯ ಕೊಡುಗೆಯನ್ನು ಹಿಡಿಯಲೇಬಾರದು.

ನಮ್ಮ ಅಪಾರ್ಟ್‌ಮೆಂಟುಗಳ ಪಿಲ್ಲರು ಎಂಥವು? ಗೋಡೆಯೊಳಗೆ ಮುಚ್ಚಿಹೋಗಬೇಕೆಂದು 230 ಅಗಲ, 600 ಅಥವಾ 750 ಉದ್ದ. 600ನ್ನು 230ರಿಂದ ಭಾಗಿಸಿದರೆ 2.6. ಅಂದರೆ ಕರಾವಳಿಯ ಪಾರ್ಕಿಂಗಿನಲ್ಲಿ ಕಾಣುವ ಪಿಲ್ಲರುಗಳ ಒಂದು ದೊಡ್ಡ ಜಾತಿಗೆ ಈ ಉತ್ಪನ್ನ ಭಾರದ ದೃಷ್ಟಿಯಿಂದ ಹೊಂದುವುದೇ ಇಲ್ಲ. ಅವಕ್ಕೆ ಸುತ್ತಿದರೆ ಹೊಸ ಗಾರೆ ಕಳಚದ ಹಾಗೆ ಹಿಡಿದುಕೊಳ್ಳುತ್ತದೆ, ರಿಂಗಿನ ಕೊರತೆ ಒಂದಿಷ್ಟು ತುಂಬುತ್ತದೆ, ಅಷ್ಟೆ. ಅಷ್ಟಕ್ಕೆ ಕಾರ್ಬನ್ ದುಬಾರಿ. 230×450 ಆದರೆ ಅನುಪಾತ 1.96, ನಿಯಮದ ಒಳಗೆ ಹೇಗೋ ನುಸುಳುತ್ತದೆ, ಲಾಭ ಮಾತ್ರ ಹುಡುಕಿದರೂ ಸಿಗುವುದಿಲ್ಲ. ಪಿಲ್ಲರಿನ ಅಳತೆಯನ್ನೇ ಬರೆಯದೆ "ಎರಡು ಲೇಯರ್" ಎಂದು ಎಲ್ಲಕ್ಕೂ ಒಂದೇ ಸಾಲು ಬರೆದ ಕೊಟೇಶನ್ ಲೆಕ್ಕ ಹಾಕಿ ಬರೆದದ್ದಲ್ಲ.

ಕಾರ್ಬನ್ನೋ ಗ್ಲಾಸೋ ಎಂಬ ಪ್ರಶ್ನೆಗೂ ಇಲ್ಲೇ ಉತ್ತರ ಹೇಳಬಹುದು. ಚದರ ಮೀಟರಿಗೆ 900 ಗ್ರಾಂ ತೂಗುವ ಗ್ಲಾಸ್ (ಗಾಜಿನ ಎಳೆಯ) ಬಟ್ಟೆಯ ಒಂದು ಪದರದ ಬಿಗುವು 230 ಗ್ರಾಂ ಕಾರ್ಬನ್ನಿನ ಒಂದು ಪದರದ ಹತ್ತಿರ ಹತ್ತಿರ ಬರುತ್ತದೆ, ಬೆಲೆಯಲ್ಲಿ ಅಗ್ಗ. ಆದರೆ ಗ್ಲಾಸಿಗೆ ತೇವ, ಕ್ಷಾರ ಎರಡೂ ಆಗಿಬರುವುದಿಲ್ಲ. ಅದೇ ಮಾರ್ಗಸೂಚಿ ಕಠಿಣ ವಾತಾವರಣದಲ್ಲಿ ಕಾರ್ಬನ್ನಿಗೆ 0.85 ಕೊಟ್ಟರೆ ಗ್ಲಾಸಿಗೆ ಕೊಡುವುದು 0.50. ಕಾರ್ಬನ್ನಿಗೂ ಒಂದು ಕೆಟ್ಟ ಗುಣವಿದೆ: ಅದರಲ್ಲಿ ವಿದ್ಯುತ್ ಹರಿಯುತ್ತದೆ. ಹೊರಗೆ ಇಣುಕಿದ ರಿಂಗಿಗೆ ಬಟ್ಟೆ ನೇರವಾಗಿ ತಾಗಿದರೆ ಉಪ್ಪುನೀರಿನಲ್ಲಿ ಅದೊಂದು ಸಣ್ಣ ಬ್ಯಾಟರಿಯಾಗಿ ರಿಂಗು ಇನ್ನಷ್ಟು ಬೇಗ ಕರಗುತ್ತದೆ. ನಡುವೆ ತುಂಬಿದ ಗಾರೆಯೂ ಎಪಾಕ್ಸಿಯ ಪದರವೂ ಇರಲೇಬೇಕು.

ಬಟ್ಟೆ ಹಾಗಿರಲಿ. ಕೊಟ್ಟ ದುಡ್ಡು ಕೆಲಸಕ್ಕೆ ಬಂತೇ ಎಂದು ತೀರ್ಮಾನವಾಗುವುದು ಬಟ್ಟೆಯ ರೋಲು ಬಿಚ್ಚುವ ಮುಂಚೆಯೇ. ಇಲ್ಲಿನ ಪಿಲ್ಲರುಗಳಿಗೆ ಉಪ್ಪು ಎರಡು ದಾರಿಯಿಂದ ಬಂದಿರುತ್ತದೆ. ಒಂದು, ಗಾಳಿಯಿಂದ ನಿಧಾನಕ್ಕೆ. ಇನ್ನೊಂದು ಹುಟ್ಟುವಾಗಲೇ: ಅಳಿವೆಯ ಉಪ್ಪು ಮರಳು, ಸಮುದ್ರದ ಹತ್ತಿರದ ಬೋರ್‌ವೆಲ್ಲಿನ ಸವುಳು ನೀರು. ಕಾಂಕ್ರೀಟಿಗೆ ನಮ್ಮ ದೇಶದ ಮಾನದಂಡ ಐಎಸ್ 456 ಹಸಿ ಕಾಂಕ್ರೀಟಿನಲ್ಲಿ ಘನ ಮೀಟರಿಗೆ 0.6 ಕಿಲೋ ಕ್ಲೋರೈಡ್ (ಉಪ್ಪಿನಲ್ಲಿರುವ, ತುಕ್ಕೆಬ್ಬಿಸುವ ಅಂಶ) ದಾಟಬಾರದು ಎನ್ನುತ್ತದೆ, ಪಿಲ್ಲರಿಗೆ 40 ಮಿ.ಮೀ. ಕವರ್, ಅಂದರೆ ರಾಡನ್ನು ಮುಚ್ಚುವ ಕಾಂಕ್ರೀಟಿನ ದಪ್ಪ, ಕೇಳುತ್ತದೆ. ಹಳೆಯ ಕಟ್ಟಡದಲ್ಲಿ ಒಡೆದು ನೋಡಿದರೆ ಕೆಲವು ಕಡೆ 15 ಮಿ.ಮೀ. ಕೂಡ ಇರುವುದಿಲ್ಲ. ಉಪ್ಪು ಕಾಂಕ್ರೀಟಿನ ಮೈಯೆಲ್ಲ ಇದ್ದರೆ ಹೊರಗಿನಿಂದ ಬಟ್ಟೆ ಸುತ್ತುವುದೆಂದರೆ ಕಾಯಿಲೆಯನ್ನು ಒಳಗಿಟ್ಟು ಬಾಗಿಲು ಹಾಕಿದ ಹಾಗೆ. ಹೊಸ ಉಪ್ಪು, ಹೊಸ ಗಾಳಿ ಬರುವುದು ಕಡಿಮೆಯಾಗುತ್ತದೆ ನಿಜ, ತುಕ್ಕಿನ ವೇಗವೂ ಇಳಿಯಬಹುದು. ನಿಲ್ಲುವುದಿಲ್ಲ. ಮತ್ತೆ ಉಬ್ಬಿದರೆ ಹೊರಗೆ ಕಾಣುವುದೂ ಇಲ್ಲ.

ಹಾಗಾಗಿ ಕೆಲಸಕ್ಕೆ ಮುಂಚೆ ಮೂರು ಪರೀಕ್ಷೆಯಾದರೂ ಆಗಲೇಬೇಕು. ಒಡೆದ ಜಾಗಕ್ಕೆ ಫಿನಾಲ್‌ಫ್ತಲೀನ್ ಸಿಂಪಡಿಸಿದರೆ ಒಳ್ಳೆಯ ಕಾಂಕ್ರೀಟು ಗುಲಾಬಿಯಾಗುತ್ತದೆ. ಬಣ್ಣ ಬರದಿದ್ದರೆ ರಾಡನ್ನು ತುಕ್ಕಿನಿಂದ ಕಾಯುವ ಕ್ಷಾರ ಅಷ್ಟು ಆಳಕ್ಕೆ ಸತ್ತಿದೆ ಎಂದರ್ಥ. ರಾಡಿನ ವೋಲ್ಟೇಜ್ ನೋಡುವ ಹಾಫ್ ಸೆಲ್ ಮಾಪನದಲ್ಲಿ ತಾಮ್ರ-ತಾಮ್ರದ ಸಲ್ಫೇಟ್ ಎಲೆಕ್ಟ್ರೋಡಿಗೆ ಹೋಲಿಸಿ ಮೈನಸ್ 350 ಮಿಲಿವೋಲ್ಟಿಗಿಂತ ಕೆಳಗೆ ಹೋದರೆ ತುಕ್ಕು ನಡೆಯುತ್ತಿರುವ ಸಾಧ್ಯತೆ ಶೇ. 90ಕ್ಕಿಂತ ಹೆಚ್ಚು. ಮೂರನೆಯದು ಡ್ರಿಲ್ ಮಾಡಿ ತೆಗೆದ ಪುಡಿಯಲ್ಲಿ ಕ್ಲೋರೈಡ್. ಮೇಲಿನ 20 ಮಿ.ಮೀ., ಅದರ ಒಳಗಿನ 20, ರಾಡಿನ ಹಿಂದಿನ 20 ಹೀಗೆ ಬೇರೆ ಬೇರೆ ಪೊಟ್ಟಣ. ಉಪ್ಪು ಹೊರಗಿನಿಂದ ಬಂದದ್ದೋ ಮರಳಿನಲ್ಲೇ ಇದ್ದದ್ದೋ ಎಂಬುದು ಈ ಪೊಟ್ಟಣಗಳಿಂದ ತಿಳಿಯುತ್ತದೆ. ಹೊರಗೆ ಹೆಚ್ಚು ಒಳಗೆ ಕಡಿಮೆ ಇದ್ದರೆ ಒಡೆದು ತೆಗೆದರೆ ಮುಗಿಯಿತು. ಎಲ್ಲ ಕಡೆ ಒಂದೇ ಇದ್ದರೆ ಒಡೆದು ತೆಗೆದು ಮುಗಿಯುವುದಲ್ಲ, ಸತು ಆನೋಡಿನ (ರಾಡಿನ ಬದಲು ತಾನು ಕರಗುವ ಸತುವಿನ ತುಂಡು) ಮಾತು ಶುರುವಾಗಬೇಕು.

ಒಡೆಯುವ ಮುಂಚೆ ಜಾಕಿ, ಅಂದರೆ ಭಾರ ಹೊರುವ ತಾತ್ಕಾಲಿಕ ಆಸರೆ, ಕೊಡಬೇಕು. ಪಿಲ್ಲರಿನ ನಾಲ್ಕು ಬದಿಯ ಬೀಮುಗಳ ಕೆಳಗೆ, ಮೇಲಿನ ಮಹಡಿಗಳಲ್ಲೂ ಅಗತ್ಯವಿದ್ದಷ್ಟು, ಕೆಳಗೆ ಗಟ್ಟಿ ನೆಲ ಅಥವಾ ದಪ್ಪ ಹಲಗೆಯ ಮೇಲೆ. ಒಂದು ಪಿಲ್ಲರಿನ ನಾಲ್ಕೂ ಮುಖವನ್ನು ಒಂದೇ ದಿನ ಒಡೆಯಬಾರದು, ಅಕ್ಕಪಕ್ಕದ ಎರಡು ಪಿಲ್ಲರನ್ನು ಒಟ್ಟಿಗೆ ಮುಟ್ಟಬಾರದು. ಜಾಕಿಗೆ ಕೊಟೇಶನ್ನಿನಲ್ಲಿ ಬೇರೆ ಸಾಲು ಇಲ್ಲದಿದ್ದರೆ ಜಾಕಿ ಬರುವುದಿಲ್ಲ, ಬಂದರೂ ನಾಲ್ಕು ಬಾಡಿಗೆಯ ಪೈಪು ನಿಲ್ಲಿಸಿ ಫೋಟೋ ತೆಗೆಯುತ್ತಾರೆ.

ಒಡೆಯುವುದು ರಾಡಿನ ಮುಂದಿನ ಮೈಯವರೆಗೆ ಮಾತ್ರವಲ್ಲ, ರಾಡಿನ ಹಿಂದೆ ಬೆರಳು ಹೋಗುವಷ್ಟು, ಅಂದರೆ 20ರಿಂದ 25 ಮಿ.ಮೀ. ಅರ್ಧ ಸುತ್ತು ಮಾತ್ರ ಬಿಡಿಸಿದ ರಾಡಿನ ಹಿಂಭಾಗದಲ್ಲಿ ಉಪ್ಪು ಹಾಗೇ ಉಳಿದು ಅಲ್ಲಿಂದಲೇ ಮತ್ತೆ ಶುರುವಾಗುತ್ತದೆ. ಒಡೆದ ಜಾಗದ ಅಂಚನ್ನು ಕಟ್ಟರಿನಿಂದ 10 ಮಿ.ಮೀ. ಆಳಕ್ಕೆ ನೇರ ಕೊಯ್ಯಬೇಕು. ಅಂಚು ಗರಿಯಂತೆ ತೆಳುವಾಗಿ ಮುಗಿದರೆ ಹೊಸ ಗಾರೆ ಅಲ್ಲೇ ಏಳುತ್ತದೆ. ರಾಡನ್ನು ವೈರ್ ಬ್ರಷ್ಷಿನಿಂದ ಕೆರೆದು ಕಂದು ಬಣ್ಣ ನಯವಾದರೆ ಸಾಲದು, ಲೋಹ ಹೊಳೆಯಬೇಕು. ಗುಂಡಿಗುಂಡಿಯಾಗಿ ತಿಂದ ರಾಡಿಗೆ ಬ್ರಷ್ ಎಟುಕುವುದಿಲ್ಲ, ಸ್ಯಾಂಡ್ ಬ್ಲಾಸ್ಟಿಂಗೇ ಬೇಕು. ಆಮೇಲೆ ಒತ್ತಡದ ಸಿಹಿನೀರಿನಲ್ಲಿ ತೊಳೆಯುವುದು. ಬೋರ್‌ವೆಲ್ ನೀರಿನಲ್ಲಿ ತೊಳೆದರೆ ತೆಗೆದ ಉಪ್ಪನ್ನು ಮತ್ತೆ ಹಚ್ಚಿದ ಹಾಗಾಯಿತು. ಉಳಿದ ರಾಡಿನ ವ್ಯಾಸವನ್ನು ಕ್ಯಾಲಿಪರಿನಲ್ಲಿ ಅಳೆಯಬೇಕು. 16 ಮಿ.ಮೀ. ರಾಡು 14ಕ್ಕೆ ಇಳಿದಿದ್ದರೆ ಕಣ್ಣಿಗೆ ದೊಡ್ಡ ವ್ಯತ್ಯಾಸ ಕಾಣದು. ಅಡ್ಡಕೊಯ್ತದ ಲೆಕ್ಕದಲ್ಲಿ ಅದು ಶೇ. 23 ನಷ್ಟ, ಹೊಸ ರಾಡು ಜೋಡಿಸುವ ಹಂತ. ಹೊಸ ರಾಡು ಕೆಳಗೆ ಪಾಯದ ಕಡೆಗೂ ಮೇಲೆ ಬೀಮಿನೊಳಗೂ ಎಪಾಕ್ಸಿ ಹಾಕಿ ಇಳಿದಿರಬೇಕು, ನಡುವೆ ನೇತಾಡಬಾರದು.

ಇಲ್ಲಿ ಒಂದು ಸೂಕ್ಷ್ಮವಿದೆ, ಬಹಳ ದುರಸ್ತಿಗಳು ಮೂರು ಮಳೆಗಾಲಕ್ಕೆ ಕೈಕೊಡುವುದು ಇದರಿಂದ. ಉಪ್ಪಿದ್ದ ಜಾಗ ಒಡೆದು ಹೊಸ ಗಾರೆ ತುಂಬಿದಾಗ ಅಲ್ಲಿಯ ರಾಡು ಸುರಕ್ಷಿತ. ಇಷ್ಟು ದಿನ ಆ ಜಾಗ ತಾನು ಕರಗುತ್ತಾ ಪಕ್ಕದ ರಾಡನ್ನು ಕಾಪಾಡುತ್ತಿತ್ತು. ಈಗ ಆ ರಕ್ಷಣೆ ತಪ್ಪಿ, ತೇಪೆಯ ಅಂಚಿನ ಆಚೆ, ಹಳೆಯ ಕಾಂಕ್ರೀಟಿನಲ್ಲಿ ತುಕ್ಕು ಹೊಸದಾಗಿ ಏಳುತ್ತದೆ. ಅದಕ್ಕೇ ತೇಪೆಯ ಅಂಚಿನ ಸುತ್ತ ರಾಡಿಗೆ ಅಂಗೈಯಗಲದ ಸತುವಿನ ಆನೋಡುಗಳನ್ನು ತಂತಿಯಿಂದ ಕಟ್ಟುವುದು. ಕಟ್ಟಿದ ಮೇಲೆ ರಾಡಿಗೂ ಆನೋಡಿಗೂ ಸಂಪರ್ಕ ಇದೆಯೇ ಎಂದು ಮಲ್ಟಿಮೀಟರಿನಲ್ಲಿ ನೋಡಬೇಕು. ಆನೋಡು ಕಟ್ಟಿದ ರಾಡಿಗೆ ಎಪಾಕ್ಸಿ ಬಳಿದು ಸಂಪರ್ಕ ಕಡಿದುಹಾಕುವ ಮೇಸ್ತ್ರಿಗಳೂ ಇದ್ದಾರೆ. ಆನೋಡು ಹಾಕುವುದಿಲ್ಲ ಎಂದಾದರೆ ಸತು ತುಂಬಿದ ಪ್ರೈಮರನ್ನು ಬೇಕಾದರೆ ಬಳಿಯಿರಿ. ಎರಡಕ್ಕೂ ಬೇರೆ ಬೇರೆ ದುಡ್ಡು ಕೇಳಿದರೆ ಯಾಕೆ ಎಂದು ಕೇಳಿ.

ತುಂಬುವುದಕ್ಕೆ ಕುಗ್ಗದ ಮೈಕ್ರೋ ಕಾಂಕ್ರೀಟು (ಚೀಲದಲ್ಲಿ ಬರುವ, ಸಣ್ಣ ಜಲ್ಲಿಯ ಸಿದ್ಧ ಮಿಶ್ರಣ). 450 ಚೌಕದ ಪಿಲ್ಲರಿನಲ್ಲಿ ಸುತ್ತಲೂ 50 ಮಿ.ಮೀ. ಒಡೆದಿದ್ದರೆ ಒಂದು ಮೀಟರ್ ಎತ್ತರಕ್ಕೆ 80 ಲೀಟರ್ ಹಿಡಿಯುತ್ತದೆ. 25 ಕಿಲೋ ಚೀಲ ಸುಮಾರು 13 ಲೀಟರ್ ಕೊಡುತ್ತದೆ, ಅಂದರೆ ಆರು ಚೀಲ ಚಿಲ್ಲರೆ. ಬಿಲ್ಲಿನಲ್ಲಿ ಮೂರು ಚೀಲ ಕಂಡರೆ ಒಳಗೆ ಏನು ತುಂಬಿದೆ ಎಂದು ಊಹಿಸಬಹುದು. ನೀರು ಚೀಲದ ಮೇಲೆ ಬರೆದಷ್ಟೇ, ಅಳತೆಯ ಜಗ್ಗಿನಲ್ಲಿ. ಶಟರಿಂಗಿನ ಸಂದು ಬಿಗಿಯಿಲ್ಲದಿದ್ದರೆ ಸಿಮೆಂಟಿನ ಹಾಲೆಲ್ಲ ಸೋರಿ ಜಲ್ಲಿ ಉಳಿಯುತ್ತದೆ. ಮೇಲೆ ಬೀಮಿನ ತಳಕ್ಕೆ ತಾಗುವ ಕೊನೆಯ ಗೇಣನ್ನು ತುಂಬಲು ಕೊಕ್ಕಿನಂಥ ಬಾಯಿ ಬಿಟ್ಟು ಎತ್ತರದಿಂದ ಸುರಿಯಬೇಕು. ಅಲ್ಲಿ ಸಂದು ಉಳಿದರೆ ಹೊಸ ಕಾಂಕ್ರೀಟು ಭಾರವನ್ನೇ ಮುಟ್ಟುವುದಿಲ್ಲ. ಏಳು ದಿನ ಒದ್ದೆ ಗೋಣಿ ಸುತ್ತಿ ಕ್ಯೂರಿಂಗ್, ಆಮೇಲೆ ಒಣಗಲು ಬಿಡುವುದು.

ಈ ಒಣಗುವುದರಲ್ಲೇ ಕರಾವಳಿಯ ತೊಂದರೆ ಎಲ್ಲ ಇರುವುದು. ಬಟ್ಟೆ ಸುತ್ತುವ ಹೊತ್ತಿಗೆ ಕಾಂಕ್ರೀಟಿನ ತೇವ ಶೇ. 4ಕ್ಕಿಂತ ಕೆಳಗಿರಬೇಕು, ಅದರ ಮೈ ಇಬ್ಬನಿ ಕೂರುವ ಉಷ್ಣತೆಗಿಂತ ಕನಿಷ್ಠ 3 ಡಿಗ್ರಿ ಬೆಚ್ಚಗಿರಬೇಕು. ಗಾಳಿ 30 ಡಿಗ್ರಿ, ಆರ್ದ್ರತೆ ಶೇ. 85 ಇದ್ದರೆ ಇಬ್ಬನಿ ಕೂರುವುದು 27ರ ಸುಮಾರಿಗೆ. ನೆರಳಿನ ಪಾರ್ಕಿಂಗಿನಲ್ಲಿ ರಾತ್ರಿಯೆಲ್ಲ ತಣ್ಣಗಾದ ಪಿಲ್ಲರು ಬೆಳಗ್ಗೆ ಎಂಟಕ್ಕೆ ಅಷ್ಟರಲ್ಲೇ ಇರುತ್ತದೆ. ಕಣ್ಣಿಗೆ ಒಣಗಿದಂತೆ ಕಂಡರೂ ಮೈಮೇಲೆ ನೀರಿನ ತೆಳು ಪೊರೆ ಇರುತ್ತದೆ, ಎಪಾಕ್ಸಿ ಆ ಪೊರೆಗೆ ಅಂಟುತ್ತದೆ, ಕಾಂಕ್ರೀಟಿಗಲ್ಲ. ಆದ್ದರಿಂದ ಡಿಸೆಂಬರಿನಿಂದ ಮೇ ನಡುವೆ, ದಿನದಲ್ಲಿ ಹನ್ನೊಂದರಿಂದ ನಾಲ್ಕು ಗಂಟೆಯೊಳಗೆ. ಜೂನ್‌ನಿಂದ ಸೆಪ್ಟೆಂಬರ್ ತನಕ "ಟಾರ್ಪಲ್ ಕಟ್ಟಿ ಮಾಡುತ್ತೇವೆ" ಎಂದರೆ ಒಪ್ಪಬೇಡಿ. ಟಾರ್ಪಲ್ ಮಳೆ ತಡೆಯುತ್ತದೆ, ಆರ್ದ್ರತೆ ತಡೆಯುವುದಿಲ್ಲ.

ಮೂಲೆಯನ್ನು ದುಂಡು ಮಾಡುವುದು ಮುಂದಿನ ಹಂತ. ಮಾರ್ಗಸೂಚಿ ಕನಿಷ್ಠ 13 ಮಿ.ಮೀ. ತ್ರಿಜ್ಯ ಎನ್ನುತ್ತದೆ, ಒಳ್ಳೆಯ ಕೆಲಸದಲ್ಲಿ 25. ಚೂಪು ಮೂಲೆಯಲ್ಲಿ ಕಾರ್ಬನ್ ಎಳೆ ಬಾಗುವುದಿಲ್ಲ, ಮುರಿಯುತ್ತದೆ. ಆದರೆ ಕವರೇ 15 ಮಿ.ಮೀ. ಇರುವಲ್ಲಿ ಗ್ರೈಂಡರ್ ಇಟ್ಟರೆ ನೇರ ರಿಂಗಿಗೆ ಹೋಗಿ ಕೂರುತ್ತದೆ. ಅಂಥಲ್ಲಿ ಮೂಲೆಯನ್ನು ಕೊರೆಯದೆ, ಮೈಕ್ರೋ ಕಾಂಕ್ರೀಟು ತುಂಬುವಾಗಲೇ ಶಟರಿಂಗಿನ ಮೂಲೆಯಲ್ಲಿ ದುಂಡು ಪಟ್ಟಿ ಕೂರಿಸಿ ಬೆಳೆಸಬೇಕು. 0.3 ಮಿ.ಮೀ.ಗಿಂತ ಅಗಲದ ಸೀಳಿಗೆ ಎಪಾಕ್ಸಿ ಇಂಜೆಕ್ಷನ್, ಗುಂಡಿಗಳಿಗೆ ಎಪಾಕ್ಸಿ ಪುಟ್ಟಿ. ಅಂಗೈ ಸವರಿದರೆ ಎಲ್ಲೂ ತಡೆಯಬಾರದು. ಸಿಮೆಂಟಿನ ಹಾಲು ಪೂರ್ತಿ ಗ್ರೈಂಡ್ ಆಗಿ ಜಲ್ಲಿಯ ಮುಖ ಕಾಣಬೇಕು, ಧೂಳನ್ನು ವ್ಯಾಕ್ಯೂಮ್ ಹಾಕಿ ಎಳೆಯಬೇಕು.

ಎಪಾಕ್ಸಿಯಲ್ಲಿ ಎರಡು ಪದ್ಧತಿ. ನೈಟೋವ್ರ್ಯಾಪ್, ಮಾಸ್ಟರ್‌ಬ್ರೇಸ್‌ನಲ್ಲಿ ಪ್ರೈಮರ್ ಬೇರೆ, ಬಟ್ಟೆ ತೋಯಿಸುವ ಸ್ಯಾಚುರಂಟ್ ಬೇರೆ. ಸಿಕಾ ಕಂಪನಿಯ ಎಪಾಕ್ಸಿ ಸಿಕಾಡುರ್ 330 ಎರಡನ್ನೂ ತಾನೇ ಮಾಡುತ್ತದೆ, ಸ್ವಲ್ಪ ಮಂದವಾಗಿದ್ದು ನೆಟ್ಟಗಿನ ಮೈಯಲ್ಲಿ ಇಳಿಯುವುದಿಲ್ಲ. ಪಿಲ್ಲರಿಗೆ ಅದು ಅನುಕೂಲ. ತೂಕದಲ್ಲಿ ನಾಲ್ಕಕ್ಕೆ ಒಂದು, ಬಿಳಿ ಬೇಸಿಗೆ ಬೂದು ಹಾರ್ಡ್ನರ್. ಡಬ್ಬಿ ಪೂರ್ತಿ ಬೆರೆಸದಿದ್ದರೆ ತಕ್ಕಡಿ ಬೇಕೇ ಬೇಕು, ಲೋಟದ ಅಂದಾಜು ನಡೆಯುವುದಿಲ್ಲ. ನಿಧಾನ ತಿರುಗುವ ಡ್ರಿಲ್ಲಿನಲ್ಲಿ ಮೂರು ನಿಮಿಷ ಕಲಸಿ, ಬೇರೆ ಶುದ್ಧ ಡಬ್ಬಿಗೆ ಸುರಿದು ಇನ್ನೊಂದು ನಿಮಿಷ. ಬಿಳಿಗೆರೆ ಉಳಿದರೆ ಆ ಜಾಗ ಎಂದಿಗೂ ಗಟ್ಟಿಯಾಗುವುದಿಲ್ಲ. 35 ಡಿಗ್ರಿಯಲ್ಲಿ 5 ಕಿಲೋ ಡಬ್ಬಿಗೆ ಅರ್ಧ ಗಂಟೆ ಆಯುಸ್ಸು. ಏಪ್ರಿಲಿನಲ್ಲಿ ಡಬ್ಬಿ ಬಿಸಿಯಾಗಿ ಹೊಗೆಯಾಡಲು ಶುರುವಾದ ಮೇಲೂ ತಿನ್ನರ್ ಬೆರೆಸಿ ಎಳೆದಾಡುವುದು ಸೈಟಿನಲ್ಲಿ ನಡೆಯುವ ಅತಿ ಕೆಟ್ಟ ಕೆಲಸ. ಎರಡೆರಡು ಕಿಲೋ ಕಲಸುವುದೇ ಜಾಣತನ.

450 ಚೌಕ, 3 ಮೀಟರ್ ಎತ್ತರದ ಪಿಲ್ಲರಿಗೆ ದುಂಡು ಮಾಡಿದ ಮೇಲೆ ಸುತ್ತಳತೆ ಸುಮಾರು 1.76 ಮೀಟರ್. ಎರಡು ಸುತ್ತು ಒಂದೇ ತುಂಡಿನಲ್ಲಿ, ಕೊನೆಗೆ 200 ಮಿ.ಮೀ. ಮೇಲೆ ಮೇಲೆ ಹಾಯಿಸಿದರೆ 3.7 ಮೀಟರ್ ಉದ್ದ. ಅರ್ಧ ಮೀಟರ್ ಅಗಲದ ರೋಲಿನಲ್ಲಿ ಆರು ಪಟ್ಟಿ. ಒಟ್ಟು 11 ಚದರ ಮೀಟರ್ ಬಟ್ಟೆ, 8ರಿಂದ 9 ಕಿಲೋ ಎಪಾಕ್ಸಿ. ಮೂರನೆಯ ಸುತ್ತಿಗೆ ಇನ್ನೊಂದು 5.3 ಚದರ ಮೀಟರ್ ಸೇರಿಸಿ. ಬಿಲ್ಲು ಬಂದಾಗ ಹೋಲಿಸಲು ಈ ಲೆಕ್ಕ ಸಾಕು. ಕೊಟೇಶನ್ನಿನಲ್ಲಿ ದರ "ಚದರ ಅಡಿಗೆ, ಪ್ರತಿ ಪದರಕ್ಕೆ" ಎಂದೋ "ಪಿಲ್ಲರಿನ ಮೈ ಚದರ ಅಡಿಗೆ, ಎಲ್ಲ ಪದರ ಸೇರಿ" ಎಂದೋ ಸ್ಪಷ್ಟ ಮಾಡಿಸಿಕೊಳ್ಳದಿದ್ದರೆ ಜಗಳ ಗ್ಯಾರಂಟಿ. ಒಂದು ಚದರ ಮೀಟರ್ ಎಂದರೆ 10.76 ಚದರ ಅಡಿ. ಮೇಲೆ ಹಾಯಿಸಿದ ಭಾಗಕ್ಕೆ ಬೇರೆ ದುಡ್ಡು ಉಂಟೋ ಇಲ್ಲವೋ ಎಂಬುದನ್ನೂ ಬರೆಸಿ.

ಸುತ್ತುವಾಗ ನೋಡಬೇಕಾದ್ದು ಎಳೆಯ ದಿಕ್ಕು. ಎಳೆ ಅಡ್ಡಕ್ಕೇ ಇರಬೇಕು. ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ವಾಲ್‌ಪೇಪರಿನ ಹಾಗೆ ಅಂಟಿಸಿದರೆ ಪಿಲ್ಲರಿಗೆ ಕಪ್ಪು ಬಣ್ಣ ಬಳಿದದ್ದಷ್ಟೇ ಲಾಭ. ಗೆರೆಯುಳ್ಳ ರೋಲರನ್ನು ಎಳೆಯ ದಿಕ್ಕಿಗೇ ಓಡಿಸಿ, ಒಳಗಿನ ಎಪಾಕ್ಸಿ ಬಟ್ಟೆಯ ಎಳೆಗಳ ನಡುವಿನಿಂದ ಹೊರಗೆ ಜಿನುಗುವ ತನಕ ಒತ್ತಬೇಕು. ಅಡ್ಡಡ್ಡ ಉಜ್ಜಿದರೆ ಎಳೆ ಅಲೆಅಲೆಯಾಗುತ್ತದೆ; ಅಲೆಯಾದ ಎಳೆ ನೇರವಾಗುವ ತನಕ ಬಿಗಿ ಬರುವುದಿಲ್ಲ. ಪಟ್ಟಿಗಳ ಕೊನೆಯ ಹಾಯಿಕೆ ಎಲ್ಲವೂ ಒಂದೇ ಮುಖದಲ್ಲಿ ಬರದೆ ಸರದಿಯಂತೆ ಬೇರೆ ಬೇರೆ ಮುಖಕ್ಕೆ ಹೋಗಬೇಕು. ಮುಂದಿನ ಪದರ ಹಸಿಯಿದ್ದಾಗಲೇ. ಮರುದಿನಕ್ಕೆ ಹೋದರೆ ಆರ್ದ್ರ ಗಾಳಿಯಲ್ಲಿ ಎಪಾಕ್ಸಿಯ ಮೇಲೆ ಮೇಣದಂಥ ಜಿಡ್ಡು ಕೂತಿರುತ್ತದೆ, ಅದನ್ನು ತೊಳೆದು ಉಜ್ಜದೆ ಮುಂದುವರಿಯಬಾರದು. ಮೇಲೆ ಗಾರೆ ಮಾಡಬೇಕಿದ್ದರೆ ಕೊನೆಯ ಪದರ ಹಸಿಯಿದ್ದಾಗ ಒಣ ಮರಳು ಎರಚಿಸಿ. ಗಟ್ಟಿಯಾದ ಮೇಲೆ ಗಾರೆ ಹಿಡಿಯುವುದಿಲ್ಲ. ಬಿಸಿಲು ಬೀಳುವ ಕಡೆ ಪಾಲಿಯುರೆಥೇನ್ ಬಣ್ಣ ಕಡ್ಡಾಯ, ಎಪಾಕ್ಸಿ ಬಿಸಿಲಿಗೆ ಸುಣ್ಣದಂತೆ ಉದುರುತ್ತದೆ.

ಒಂದು ದಿನ ಬಿಟ್ಟು ನಾಣ್ಯದಿಂದ ಇಡೀ ಪಿಲ್ಲರನ್ನು ತಟ್ಟಿಸಿ. ಅಂಗುಲ ಚಿಲ್ಲರೆಯ ಸಣ್ಣ ಗಾಳಿಗುಳ್ಳೆಗಳು, 1,300 ಚದರ ಮಿ.ಮೀ. ಒಳಗಿನವು, ಒಟ್ಟು ಮೈಯ ಶೇ. 5ರೊಳಗೆ, ಚದರ ಮೀಟರಿಗೆ ಹತ್ತಕ್ಕಿಂತ ಹೆಚ್ಚಿಲ್ಲದೆ ಇದ್ದರೆ ಬಿಡಬಹುದು. ಅಂಗೈಯಷ್ಟು ದೊಡ್ಡದು, 16,000 ಚದರ ಮಿ.ಮೀ. ದಾಟಿದ್ದು, ಕೊಯ್ದು ತೆಗೆದು ಅಷ್ಟೇ ಪದರದ ತೇಪೆ ಹಾಕಬೇಕು. ನಡುವಿನವಕ್ಕೆ ಸಿರಿಂಜಿನಿಂದ ಎಪಾಕ್ಸಿ. ಬಟ್ಟೆಯ ಮೇಲೆ ಲೋಹದ ಬಿಲ್ಲೆ ಅಂಟಿಸಿ ಕಿತ್ತು ನೋಡುವ ಪರೀಕ್ಷೆಯಲ್ಲಿ 1.4 ಎಂಪಿಎ ದಾಟಬೇಕು, ಕಿತ್ತು ಬಂದ ಬಿಲ್ಲೆಯ ಹಿಂದೆ ಕಾಂಕ್ರೀಟು ಅಂಟಿರಬೇಕು. ಬಿಲ್ಲೆ ಹಿಂದೆ ನುಣುಪಾಗಿ ಹೊಳೆಯುತ್ತಿದ್ದರೆ ತೇವದ ಮೇಲೆ ಅಂಟಿಸಿದ್ದಾರೆ ಎಂದೇ.

ಈ ಕೆಲಸದ ಅತ್ಯಂತ ದುರ್ಬಲ ಜಾಗ ಎಂದರೆ ಪಿಲ್ಲರಿನ ಬುಡ. ಟೈಲ್ಸ್ ಒಡೆಯುವುದು ಬೇಡ ಎಂದು ನೆಲದ ಮಟ್ಟಕ್ಕೇ ಬಟ್ಟೆ ನಿಲ್ಲಿಸಿಬಿಡುತ್ತಾರೆ. ನೀರು ಏರುವುದು ಕೆಳಗಿನ ಮಣ್ಣಿನಿಂದ. ಮೇಲೆ ಎಪಾಕ್ಸಿ ಬಿಗಿದಿರುವುದರಿಂದ ಏರಿದ ತೇವಕ್ಕೆ ಹೊರಬರುವ ದಾರಿಯೂ ಇಲ್ಲ. ನೆಲಕ್ಕಿಂತ 300 ಮಿ.ಮೀ. ಕೆಳಗಿನಿಂದಲೇ ದುರಸ್ತಿ, ಸುತ್ತುವಿಕೆ, ಜಲನಿರೋಧಕ ಎಲ್ಲ ಶುರುವಾಗಬೇಕು. ಪಿಲ್ಲರಿಗೆ ಒರಗಿ ಇಳಿಯುವ ಮಳೆನೀರಿನ ಪೈಪು ಸೋರುತ್ತಿದ್ದರೆ ಮೊದಲು ಅದನ್ನು ಸರಿಮಾಡಿಸಿ, ದಾರಿಯನ್ನೇ ಬದಲಿಸಿದರೆ ಇನ್ನೂ ಒಳ್ಳೆಯದು.

ಬೆಂಕಿಯ ಮಾತನ್ನೂ ಹೇಳಬೇಕು. ಈ ಎಪಾಕ್ಸಿಗಳು 60ರಿಂದ 80 ಡಿಗ್ರಿಯಲ್ಲೇ ಮೆದುವಾಗುತ್ತವೆ. ಕಾರು ಹೊತ್ತಿಕೊಂಡರೆ ಕೆಲವೇ ನಿಮಿಷದಲ್ಲಿ ಬಟ್ಟೆ ಇಲ್ಲವೆಂದೇ ಲೆಕ್ಕ. ಆದ್ದರಿಂದ ಬಟ್ಟೆಯನ್ನು ಬಿಟ್ಟು ಬರೀ ಪಿಲ್ಲರು ಕಟ್ಟಡದ ಸ್ವಂತ ಭಾರದ 1.1 ಪಟ್ಟು ಮತ್ತು ಬಳಕೆಯ ಭಾರದ 0.75 ಪಟ್ಟನ್ನು ಒಟ್ಟಾಗಿ ಹೊರಬಲ್ಲುದೇ ಎಂದು ಡಿಸೈನರ್ ತೋರಿಸಿಕೊಡಬೇಕು. ತೋರಿಸಲಾಗದಿದ್ದರೆ ಆ ಪಿಲ್ಲರಿಗೆ ಬೇಕಾದದ್ದು ಕಾಂಕ್ರೀಟ್ ಜಾಕೆಟ್. ಜಾಕೆಟ್ ಎಂದರೆ ಪಿಲ್ಲರಿನ ಸುತ್ತ ಪ್ರತಿ ಬದಿಗೆ 100 ಮಿ.ಮೀ. ದಪ್ಪದ ಹೊಸ ಕಾಂಕ್ರೀಟು, ಎರಡು ಪಿಲ್ಲರುಗಳ ನಡುವೆ 200 ಮಿ.ಮೀ. ಜಾಗ ಹೋಗುತ್ತದೆ, ಪಾರ್ಕಿಂಗ್ ಮಾಲೀಕರು ಗಲಾಟೆ ಮಾಡುತ್ತಾರೆ. ಕಾರ್ಬನ್ನಿನ ನಿಜವಾದ ಮಾರುಕಟ್ಟೆ ಈ ಗಲಾಟೆಯಿಂದ ಹುಟ್ಟಿದ್ದು. ಆದರೂ 230×600ರ ತಿಂದುಹೋದ ಪಿಲ್ಲರಿಗೆ ಜಾಕೆಟ್ಟೇ ಸರಿ. ಹೊಸ ಕಾಂಕ್ರೀಟು, ಹೊಸ ರಾಡು, ಹೊಸ ಕವರು ಒಟ್ಟಿಗೆ ಬರುತ್ತವೆ, ಮಾಮೂಲಿ ಮೇಸ್ತ್ರಿಗೂ ಮಾಡಲು ಬರುತ್ತದೆ. ದುಂಡು ಕಂಬ, ಜೆಟ್ಟಿಯ ಮೇಲಿನ ಕಂಬ, 450ರೊಳಗಿನ ಚೌಕ, ರಿಂಗು ಹೋಗಿ ಮುಖ್ಯ ರಾಡು ಉಳಿದಿರುವ ಪಿಲ್ಲರು, ಇವಕ್ಕೆ ಕಾರ್ಬನ್ ಕೊಟ್ಟ ದುಡ್ಡಿಗೆ ಮೋಸ ಮಾಡುವುದಿಲ್ಲ.

ಗ್ಯಾರಂಟಿ ಪತ್ರದಲ್ಲಿ "ಬಟ್ಟೆ ಏಳುವುದಿಲ್ಲ" ಎಂದಷ್ಟೇ ಬರೆದು ಹತ್ತು ವರ್ಷ ಎಂದಿರುತ್ತದೆ. ಬಟ್ಟೆ ಏಳದೆಯೂ ಒಳಗಿನ ರಾಡು ಕರಗಬಹುದು. ಸುತ್ತಿದ ಮೇಲೆ ಎಪಾಕ್ಸಿಯ ಮೇಲಿನಿಂದ ಹಾಫ್ ಸೆಲ್ ಹಿಡಿಯಲು ಬರುವುದಿಲ್ಲ. ಹಾಗಾಗಿ ಮೈಕ್ರೋ ಕಾಂಕ್ರೀಟು ಸುರಿಯುವ ಮುಂಚೆಯೇ ಎರಡು ಮೂರು ಪಿಲ್ಲರುಗಳಲ್ಲಿ ರಾಡಿಗೆ ಒಂದು ತಂತಿ ಕಟ್ಟಿಸಿ, ಪಕ್ಕದಲ್ಲಿ ವೋಲ್ಟೇಜ್ ಹೋಲಿಸಲು ರೆಫರೆನ್ಸ್ ಎಲೆಕ್ಟ್ರೋಡ್ ಹುದುಗಿಸಿ, ಎರಡರ ತುದಿಯನ್ನೂ ಹೊರಗೆ ಒಂದು ಪ್ಲಾಸ್ಟಿಕ್ ಡಬ್ಬಿಗೆ ತರಿಸಿಡಿ. ಪ್ರತಿ ಮಳೆಗಾಲ ಮುಗಿದ ಮೇಲೆ ಮಲ್ಟಿಮೀಟರ್ ಹಿಡಿದು ಓದಿದ್ದನ್ನು ಅಸೋಸಿಯೇಶನ್ನಿನ ಪುಸ್ತಕದಲ್ಲಿ ಬರೆದಿಡಲು ಎಲೆಕ್ಟ್ರಿಷಿಯನ್ನೇ ಸಾಕು. ಆ ಡಬ್ಬಿಯ ಮೇಲೆ ಪಿಲ್ಲರಿನ ನಂಬರು, ಸುತ್ತಿದ ತಾರೀಕು, ಪದರದ ಸಂಖ್ಯೆ ಬರೆಸಿ. ಜೊತೆಗೆ, ಫೈರ್ ಹೋಸ್ ಕೂರಿಸಲು ಬರುವವನು ಕಾಣುವ ಹಾಗೆ "ಇಲ್ಲಿ ಡ್ರಿಲ್ ಮಾಡಬಾರದು" ಎಂದೂ.